ಹೊಲದಲ್ಲಿ ಉಳಿದ ಬೆಣಚುಕಲ್ಲು

ಮಾಗಡಿಯಿಂದ ಕನಕಪುರದವರೆಗೆ, ಮುಂಗಾರಿಗೆ ಮುಂಚೆ ಉತ್ತಿಟ್ಟ ಕೆಮ್ಮಣ್ಣಿನ ಹೊಲಗಳಲ್ಲಿ ಬಿಳಿಯ ಕಲ್ಲಿನ ಚೂರುಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಒಂದು ಹದಮಳೆ ಬಿದ್ದು ಮೇಲಿನ ದೂಳು ತೊಳೆದುಹೋದರೆ ಇನ್ನೂ ಸ್ಪಷ್ಟ. ರಾಗಿ ಬಿತ್ತುವವರು ಅವನ್ನು ಆಯ್ದು ಬದುವಿಗೆ ಎಸೆಯುತ್ತಾರೆ, ಮರುವರ್ಷ ನೇಗಿಲು ಮತ್ತಷ್ಟನ್ನು ಮೇಲಕ್ಕೆ ತರುತ್ತದೆ. ಯಾರನ್ನು ಕೇಳಿದರೂ ಅದು ಬೆಣಚುಕಲ್ಲು. ಬಹುಪಾಲು ಸಲ ಅವರು ಹೇಳುವುದು ಸರಿಯೇ. ಆದರೂ ಈ ಸೀಮೆಯಲ್ಲಿ ಬಿಳಿಯ ಕಲ್ಲಿಗೆ ಬರವಿಲ್ಲ. ಫೆಲ್ಡ್‌ಸ್ಪಾರ್ ಬಿಳಿಯಾಗಿರುತ್ತದೆ, ಸುಣ್ಣದ ಗಂಟು ಬಿಳಿಯಾಗಿರುತ್ತದೆ, ಮನೆ ಕಟ್ಟಿದಲ್ಲಿ ಉಳಿದ ಅಮೃತಶಿಲೆಯ ತುಂಡೂ ಬಿಳಿಯೇ. ಅತ್ತ ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬಂಡೆಯ ಮೇಲೆ ಇಳಿದಿರುವ ಬಿಳಿ ಪಟ್ಟೆಗಳಲ್ಲಿ ಕೆಲವು ಕಲ್ಲೇ ಅಲ್ಲ, ಅಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದುಗಳ ಹಿಕ್ಕೆ. ಆದ್ದರಿಂದ ಬಣ್ಣವನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ನೋಡುವುದು ಒಳ್ಳೆಯದು.

ಮೊದಲು ನೋಡಬೇಕಾದದ್ದು ಕಲ್ಲು ಒಡೆದ ಮೈಯನ್ನು. ಹೊಲದ ಕಲ್ಲಿನ ಹೊರಮೈಗೆ ಕಬ್ಬಿಣದ ಅಂಶ ಹತ್ತಿ ಕೆಂಪಾಗಿರುತ್ತದೆ, ಅದರಿಂದ ಏನೂ ತಿಳಿಯದು. ಕಣ್ಣಿಗೆ ಕನ್ನಡಕ ಹಾಕಿ, ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಒಮ್ಮೆ ಹೊಡೆದರೆ ಒಳಗಿನ ಹೊಸಮೈ ಸಿಗುತ್ತದೆ. ಚೂರುಗಳ ಅಂಚು ಗಾಜಿನಷ್ಟೇ ಹರಿತವಾಗಿರುವುದರಿಂದ ಬಿಚ್ಚುವಾಗ ಬೆರಳು ಜೋಪಾನ. ಈ ಹೊಸಮೈಯನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಫೆಲ್ಡ್‌ಸ್ಪಾರ್ ಆದರೆ ಒಂದು ಕೋನದಲ್ಲಿ ಚಪ್ಪಟೆಯಾದ ಒಂದು ಮೈ ಪೂರ್ತಿ ಫಳಕ್ಕನೆ ಹೊಳೆದು, ಸ್ವಲ್ಪ ತಿರುಗಿಸಿದ ಕೂಡಲೇ ಆರಿಹೋಗುತ್ತದೆ. ಹೆಚ್ಚುಕಡಿಮೆ ಲಂಬಕೋನದಲ್ಲಿ ಅಂಥದೇ ಇನ್ನೊಂದು ಮೈ ಇರುತ್ತದೆ. ಬೆಣಚುಕಲ್ಲಿನಲ್ಲಿ ಹಾಗೆ ಹೊಳೆಯುವ ಚಪ್ಪಟೆ ಮೈ ಇರುವುದಿಲ್ಲ. ಅದು ತಗ್ಗುಉಬ್ಬಾಗಿ, ಕೆಲವೆಡೆ ಕಪ್ಪೆಚಿಪ್ಪಿನ ಒಳಮೈಯ ಹಾಗೆ ಬಾಗಿ ಒಡೆದಿರುತ್ತದೆ. ಅದರ ಹೊಳಪು ಗಾಜಿನದು, ಕೆಲವು ಸಲ ಎಣ್ಣೆ ಸವರಿದಂತೆ ಮಂಕು. ಈ ಒಂದು ಪರೀಕ್ಷೆಯಿಂದಲೇ ಹತ್ತರಲ್ಲಿ ಎಂಟು ಕಲ್ಲುಗಳ ಗುರುತು ಹಿಡಿಯಬಹುದೆಂದು ನನ್ನ ಅಂದಾಜು.

ಎರಡನೆಯದು ಚಾಕು. ಫ್ರೀಡ್ರಿಕ್ ಮೋಸ್ 1812ರಲ್ಲಿ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗೆ ಒಂದು ಶ್ರೇಣಿ ಮಾಡಿದ. ಅದರಲ್ಲಿ ಬೆಣಚುಕಲ್ಲಿನ ಸ್ಥಾನ 7. ಸಾಮಾನ್ಯ ಚಾಕುವಿನ ಉಕ್ಕು, ಕಿಟಕಿಯ ಗಾಜು ಎರಡೂ ಐದೂವರೆಯ ಆಸುಪಾಸಿನಲ್ಲಿವೆ. ಹಾಗಾಗಿ ಬೆಣಚುಕಲ್ಲು ಗಾಜನ್ನು ಗೀರುತ್ತದೆ, ಚಾಕು ಬೆಣಚುಕಲ್ಲನ್ನು ಗೀರಲಾರದು. ಇಲ್ಲಿ ಅನೇಕರು ಎಡವುವುದುಂಟು. ಚಾಕುವಿನ ತುದಿಯನ್ನು ಒತ್ತಿ ಎಳೆದಾಗ ಕಲ್ಲಿನ ಮೇಲೆ ಬೂದುಬಣ್ಣದ ಗೆರೆಯೊಂದು ಮೂಡುತ್ತದೆ, ನೋಡಿದವರು ಕಲ್ಲು ಗೀಚಿತು ಎಂದುಕೊಳ್ಳುತ್ತಾರೆ. ಬೆರಳಿನಿಂದ ಬಲವಾಗಿ ಉಜ್ಜಿದರೆ ಗೆರೆ ಮಾಸುತ್ತದೆ. ಅದು ಕಲ್ಲಿಗೆ ತಾಗಿ ಸವೆದ ಚಾಕುವಿನದೇ ಉಕ್ಕು. ಫೆಲ್ಡ್‌ಸ್ಪಾರ್ ಕೂಡ 6ರಲ್ಲಿ ಇರುವುದರಿಂದ ಗಾಜನ್ನು ಗೀರುತ್ತದೆ. ಆದ್ದರಿಂದ ಗಾಜನ್ನು ಗೀರಿದ ಮಾತ್ರಕ್ಕೆ ಬೆಣಚು ಎಂದು ತೀರ್ಮಾನಿಸಬಾರದು, ಒಡೆದ ಮೈಯ ಸಾಕ್ಷಿಯೂ ಬೇಕು.

ಮೂರನೆಯದಕ್ಕೆ ಒಂದು ನಿಂಬೆಹಣ್ಣು ಸಾಕು. ಒಣಸೀಮೆಯ ಹೊಲಗಳಲ್ಲಿ ಸಿಗುವ ಸುಣ್ಣದ ಗಂಟನ್ನು ಕೆರೆದು ಪುಡಿ ಮಾಡಿ ರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಅಮೃತಶಿಲೆಯ ಪುಡಿಯೂ ಹಾಗೇ ಮಾಡುತ್ತದೆ. ಬೆಣಚಿನ ಪುಡಿ ಸುಮ್ಮನಿರುತ್ತದೆ. ರಂಗೋಲಿ ಪುಡಿಯನ್ನೂ ಹೀಗೆ ಪರೀಕ್ಷಿಸಬಹುದು, ಏಕೆಂದರೆ ಒಂದೊಂದು ಕಡೆ ಅದನ್ನು ಒಂದೊಂದು ಬಿಳಿಕಲ್ಲಿನಿಂದ ಮಾಡುತ್ತಾರೆ. ಚೆನ್ನಾಗಿ ಗುಳ್ಳೆಯೆದ್ದರೆ ಅದು ಸುಣ್ಣಜಾತಿಯದು. ಏನೂ ಆಗದೆ, ಗಾಜಿನ ಮೇಲೆ ಉಜ್ಜಿದಾಗ ಕರಕರ ಎಂದು ಗೀರಿದರೆ ಅದರಲ್ಲಿ ಬೆಣಚು ಇರಬಹುದು, ಅಂಥ ಪುಡಿಯನ್ನು ಗಾಳಿಗೆ ಹಾರಿಸದಿರುವುದು ಮೇಲು. ಕಾರಣಕ್ಕೆ ಆಮೇಲೆ ಬರುತ್ತೇನೆ.

ಶಾಲೆಯಲ್ಲಿ ಮಾಡಿಸಲು ಬಹಳ ಚೆನ್ನಾಗಿರುವುದು ತೂಕದ ಪರೀಕ್ಷೆ. ಕಲ್ಲನ್ನು ಮೊದಲು ಒಣಗಿದ ಹಾಗೇ ತೂಗಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಬಟ್ಟಲು ಇಟ್ಟು ಸೊನ್ನೆಗೆ ತಂದು, ಕಲ್ಲನ್ನು ದಾರದಲ್ಲಿ ಕಟ್ಟಿ, ತಳ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ಒಣತೂಕವನ್ನು ಅದರಿಂದ ಭಾಗಿಸಿದರೆ ಬೆಣಚುಕಲ್ಲಿಗೆ 2.65ರ ಹತ್ತಿರದ ಅಂಕಿ ಬರುತ್ತದೆ. ಫೆಲ್ಡ್‌ಸ್ಪಾರ್, ಅಮೃತಶಿಲೆಗಳ ಅಂಕಿಯೂ ಇದರ ಆಚೀಚೆಯೇ ಇರುವುದರಿಂದ ಅವನ್ನು ತಕ್ಕಡಿ ಬೇರ್ಪಡಿಸಲಾರದು. ಆದರೆ ನಾಲ್ಕೂವರೆ ಬಂದರೆ ಕೈಯಲ್ಲಿರುವುದು ಬೆರೈಟ್‌ನಂಥ ಬೇರೇನೋ ಎಂದು ಖಚಿತವಾಗುತ್ತದೆ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಆರ್ಕಿಮಿಡೀಸನ ತರ್ಕ ಒಂದು ಹಳ್ಳಿಯ ಶಾಲೆಯ ಜಗುಲಿಯಲ್ಲಿ ಐದು ನಿಮಿಷದಲ್ಲಿ ಕೆಲಸ ಮಾಡುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು.

ಗೀರದಿರುವುದು, ಹುಳಿಗೆ ಜಗ್ಗದಿರುವುದು, ಚಪ್ಪಟೆಯಾಗಿ ಸೀಳದಿರುವುದು, ಇವು ಮೂರೂ ಹುಟ್ಟುವುದು ಒಂದೇ ಕಾರಣದಿಂದ. ಬೆಣಚುಕಲ್ಲಿನಲ್ಲಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ, ಭೂಮಿಯ ಹೊರಚಿಪ್ಪಿನಲ್ಲಿ ಅತಿ ಹೆಚ್ಚಾಗಿರುವ ಎರಡು ಧಾತುಗಳು. ಪ್ರತಿ ಸಿಲಿಕಾನ್ ಪರಮಾಣುವಿನ ಸುತ್ತ ನಾಲ್ಕು ಆಮ್ಲಜನಕ, ಪ್ರತಿ ಆಮ್ಲಜನಕಕ್ಕೂ ಇಬ್ಬದಿಯಲ್ಲಿ ಒಂದೊಂದು ಸಿಲಿಕಾನ್. ಈ ಹೆಣಿಗೆ ಮೇಲೆ, ಕೆಳಗೆ, ಅಕ್ಕಪಕ್ಕ, ಎಲ್ಲ ದಿಕ್ಕಿಗೂ ಒಂದೇ ಬಿಗಿಯಲ್ಲಿ ಹಬ್ಬಿದೆ. ಅಭ್ರಕದಲ್ಲಿ ಪದರಗಳ ನಡುವಿನ ಬಂಧ ಸಡಿಲ, ಆದ್ದರಿಂದ ಅದು ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಫೆಲ್ಡ್‌ಸ್ಪಾರ್‌ನಲ್ಲಿ ಎರಡು ದಿಕ್ಕಿನಲ್ಲಿ ಬಂಧಗಳು ವಿರಳ. ಬೆಣಚಿನಲ್ಲಿ ಪೆಟ್ಟಿಗೆ ಸುಲಭವಾಗಿ ಸಿಗುವ ದಾರಿ ಯಾವುದೂ ಇಲ್ಲದ ಕಾರಣ ಬಿರುಕು ತನಗೆ ತೋಚಿದತ್ತ ಬಾಗುತ್ತ ಹೋಗುತ್ತದೆ. ಜಾಗ ಸಿಕ್ಕಾಗ, ಅಂದರೆ ಬಂಡೆಯೊಳಗಿನ ಪೊಳ್ಳಿನಲ್ಲಿ ಬೆಳೆಯುವಾಗ, ಇದೇ ಹೆಣಿಗೆ ಆರು ಮುಖದ ಕಂಬವಾಗಿ ತುದಿ ಚೂಪಾಗಿಸಿಕೊಂಡು ನಿಲ್ಲುತ್ತದೆ. ಅಂಥ ಕಂಬದ ಪಕ್ಕದ ಮುಖಗಳ ನಡುವಿನ ಕೋನ ಯಾವ ದೇಶದ ಹರಳಿನಲ್ಲಿ ಅಳೆದರೂ 120 ಡಿಗ್ರಿ. ಹರಳು ದೊಡ್ಡದಿರಲಿ, ಸೊಟ್ಟಗಿರಲಿ, ಕೋನ ಬದಲಾಗುವುದಿಲ್ಲ ಎಂಬುದನ್ನು 1669ರಲ್ಲಿ ನಿಕೊಲಸ್ ಸ್ಟೆನೊ ಬರೆದಿಟ್ಟ. ಪರಮಾಣುಗಳನ್ನು ಯಾರೂ ಕಾಣದ ಕಾಲದಲ್ಲಿ ಅವುಗಳ ಜೋಡಣೆಗೆ ಸಿಕ್ಕ ಮೊದಲ ಸುಳಿವು ಅದು.

ಇಷ್ಟು ಶುದ್ಧವಾದ ಹೆಣಿಗೆ ಪಾರದರ್ಶಕವಾಗಿರಬೇಕು. ಸ್ಫಟಿಕದ ಮಣಿ ಹಾಗೇ ಇರುತ್ತದೆ, ಆದರೆ ಹೊಲದ ಕಲ್ಲು ಹಾಲುಬಿಳಿ. ರಾಸಾಯನಿಕವಾಗಿ ಎರಡೂ ಒಂದೇ. ಕಲ್ಲುಸಕ್ಕರೆಯ ಹರಳು ತಿಳಿಯಾಗಿದ್ದು, ಕುಟ್ಟಿ ಪುಡಿ ಮಾಡಿದಾಗ ಬೆಳ್ಳಗಾಗುವುದು ಏಕೋ ಇಲ್ಲಿಯೂ ಕಾರಣ ಅದೇ: ಬೆಳಕಿಗೆ ಎದುರಾಗುವ ಮೈಗಳು ಹೆಚ್ಚಾದಷ್ಟೂ ಅದು ನೇರ ದಾಟಲಾಗದೆ ಚದುರುತ್ತದೆ. ಹಾಲುಬಿಳಿ ಬೆಣಚಿನಲ್ಲಿ ಆ ಮೈಗಳನ್ನು ಒದಗಿಸುವುದು ಕೋಟಿಗಟ್ಟಲೆ ಸೂಕ್ಷ್ಮ ಗುಳ್ಳೆಗಳು, ಸೂಕ್ಷ್ಮ ಬಿರುಕುಗಳು. ಗುಳ್ಳೆಗಳೊಳಗೆ ನೀರು, ಉಪ್ಪುನೀರು, ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತವೆ. ಅವು ಆ ಕಲ್ಲು ಹುಟ್ಟಿದ ದ್ರವದ ತುಣುಕುಗಳು. ಭೂಮಿಯ ಆಳದಲ್ಲಿ ಬಂಡೆ ಬಿರಿದಾಗ ಬಿಸಿನೀರು ಆ ಬಿರುಕಿಗೆ ನುಗ್ಗುತ್ತದೆ. ನಮ್ಮ ಬಾವಿಯ ತಣ್ಣೀರು ಲೀಟರಿಗೆ ಕೆಲವೇ ಮಿಲಿಗ್ರಾಂ ಬೆಣಚನ್ನು ಕರಗಿಸಬಲ್ಲುದು. ಒತ್ತಡದಲ್ಲಿರುವ 300 ಡಿಗ್ರಿ ಸೆಲ್ಸಿಯಸ್‌ನ ನೀರು ನೂರಾರು ಮಿಲಿಗ್ರಾಂ ಹೊತ್ತು ಬರುತ್ತದೆ. ಬಿರುಕಿನಲ್ಲಿ ಒತ್ತಡ ಇಳಿದಾಗ, ತಾಪ ತಗ್ಗಿದಾಗ ಆ ಹೊರೆಯನ್ನು ಇಳಿಸುತ್ತದೆ. ಮತ್ತೆ ಬಿರುಕು, ಮತ್ತೆ ನೀರು. ಅವಸರದಲ್ಲಿ ಬೆಳೆದ ಹರಳು ಸುತ್ತಲಿನ ದ್ರವವನ್ನೂ ಒಳಗೇ ಮುಚ್ಚಿಹಾಕುತ್ತದೆ. ಕೆಲವು ಇಂಚಿನಿಂದ ಕೆಲವು ಅಡಿ ದಪ್ಪದ ಬಿಳಿ ಗೆರೆಗಳಾಗಿ ಬಂಡೆಗಳಲ್ಲಿ ನಾವು ನೋಡುವುದು ಅಂಥ ತುಂಬಿದ ಬಿರುಕುಗಳನ್ನು.

ಈ ಬಂಡೆಗಳ ಕಥೆ ರಾಮನಗರಕ್ಕೆ ವಿಶೇಷವಾದದ್ದು. ಊರಿಗೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದದ್ದು. ಊರು ಆ ಹೆಸರನ್ನು ಬಿಟ್ಟಿತು, ಭೂವಿಜ್ಞಾನ ಉಳಿಸಿಕೊಂಡಿತು. ದಕ್ಷಿಣದಲ್ಲಿ ಕಾವೇರಿಯ ಕಡೆಯಿಂದ ಉತ್ತರದಲ್ಲಿ ಬಳ್ಳಾರಿ ಸೀಮೆಯವರೆಗೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಶಿಲೆಯ ಪಟ್ಟಿಗೆ ಜಗತ್ತಿನ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದು ನುಗ್ಗಿದ್ದು ಇನ್ನೂ ಹಳೆಯ, 300 ಕೋಟಿ ವರ್ಷಕ್ಕೂ ಹಿಂದಿನ ನೈಸ್ ಶಿಲೆಯೊಳಕ್ಕೆ. ಸಾವನದುರ್ಗ, ರಾಮದೇವರ ಬೆಟ್ಟ ಈ ಪಟ್ಟಿಯ ಬೆಟ್ಟಗಳು. ಅವುಗಳ ಬಂಡೆಯನ್ನು ಹತ್ತಿರದಿಂದ ನೋಡಿದರೆ ಎದ್ದು ಕಾಣುವ ನಸುಗೆಂಪು ಹರಳುಗಳು ಫೆಲ್ಡ್‌ಸ್ಪಾರ್. ಬೆಣಚೆಲ್ಲಿ ಎಂದು ಬಿಳಿಯನ್ನು ಹುಡುಕಿದರೆ ಮೋಸಹೋಗುತ್ತೇವೆ. ಹರಳುಗಳ ಸಂದಿನಲ್ಲಿ ಬೂದಿಬಣ್ಣದಲ್ಲಿ ಗಾಜಿನ ಚೂರುಗಳಂತೆ ಕೂತಿರುವುದೇ ಬೆಣಚು. ಅಲ್ಲಿ ಗುಳ್ಳೆಗಳು ಕಡಿಮೆಯಿದ್ದು ಅದು ತಿಳಿಯಾಗಿರುವುದರಿಂದ ಹಿಂದಿನ ಕತ್ತಲೆಯೇ ನಮಗೆ ಕಾಣುತ್ತದೆ. ಅದಕ್ಕೆ ಸ್ವಂತ ಆಕಾರವೂ ಇಲ್ಲ. ಶಿಲಾರಸ ಆರುವಾಗ ಕೊನೆಯ ಹೊತ್ತಿಗೆ ಗಟ್ಟಿಯಾಗುವ ಖನಿಜ ಇದು, ಉಳಿದವು ಬಿಟ್ಟುಕೊಟ್ಟ ಜಾಗವನ್ನೇ ತುಂಬಬೇಕು.

ಕನಕಪುರ ತಾಲೂಕಿನ ಕಬ್ಬಾಳದುರ್ಗಕ್ಕೆ ಹೋದರೆ ಇದೇ ಖನಿಜದ ಮತ್ತೊಂದು ಮುಖ ಕಾಣುತ್ತದೆ. ಅಲ್ಲಿನ ತಿಳಿಬಣ್ಣದ ನೈಸ್‌ನಲ್ಲಿ ಎಣ್ಣೆ ಚೆಲ್ಲಿದ ಹಾಗೆ ಕಪ್ಪು ಹಸುರಿನ ತೇಪೆಗಳಿವೆ. ಅವು ಚಾರ್ನೊಕೈಟ್ ಎಂಬ ಶಿಲೆ. ಒಂದು ಶಿಲೆ ಇನ್ನೊಂದಾಗುತ್ತಿದ್ದ ಕ್ರಿಯೆ ಅರ್ಧದಲ್ಲಿ ನಿಂತು ಹಾಗೇ ಉಳಿದಿರುವುದನ್ನು ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ, ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ದ್ರವ ಶಿಲೆಯ ನೀರನ್ನು ಹೊರದೂಡಿದ್ದರಿಂದ ಈ ಮಾರ್ಪಾಟು ಆಯಿತೆಂದು ವಾದಿಸಿದರು. ಇಂಥ ಪ್ರಶ್ನೆಗಳಲ್ಲಿ ಭೂವಿಜ್ಞಾನಿಗಳು ಕೇಳುವ ಸಾಕ್ಷಿಗಳಲ್ಲಿ ಬೆಣಚಿನೊಳಗಿನ ಗುಳ್ಳೆಗಳೂ ಸೇರಿವೆ. ಗುಳ್ಳೆಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ತಣಿಸಿ, ಯಾವ ತಾಪದಲ್ಲಿ ಹೆಪ್ಪುಗಟ್ಟಿ ಕರಗುತ್ತದೆಂದು ನೋಡಿದರೆ ಒಳಗಿರುವುದು ನೀರೋ ಇಂಗಾಲದ ಡೈಆಕ್ಸೈಡೋ ತಿಳಿಯುತ್ತದೆ. ಕಲ್ಲನ್ನು ಮಂಕುಮಾಡುವ ಕಲ್ಮಷವೇ ಅದರ ಜಾತಕ ಹೇಳುತ್ತದೆ. ಇಂಥ ಗುಡ್ಡವೊಂದು ನಮ್ಮ ಸಾತನೂರಿನ ಹತ್ತಿರವಿದೆ ಎಂಬುದು ಸುತ್ತಲಿನ ಶಾಲೆಗಳ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ.

ಹಾಗಾದರೆ ಹೊಲದಲ್ಲಿ ಬಿಳಿಕಲ್ಲೇ ಏಕೆ ಬಿದ್ದಿದೆ, ಉಳಿದ ಬಂಡೆ ಎಲ್ಲಿ ಹೋಯಿತು? ಉಳಿದ ಬಂಡೆಯೇ ಹೊಲ. ಮಳೆನೀರಿನ ಸೌಮ್ಯ ಹುಳಿಗೆ ಫೆಲ್ಡ್‌ಸ್ಪಾರ್ ಸಾವಿರಾರು ವರ್ಷಗಳಲ್ಲಿ ಜೇಡಿಯಾಗುತ್ತದೆ. ಕಪ್ಪು ಖನಿಜಗಳಲ್ಲಿದ್ದ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಕೊಡುತ್ತದೆ. ಶಿಲಾರಸದಲ್ಲಿ ಮೊದಲು ಗಟ್ಟಿಯಾದ ಖನಿಜ ಬಿಸಿಲು ಮಳೆಗೆ ಮೊದಲು ಶಿಥಿಲವಾಗುತ್ತದೆ, ಕೊನೆಗೆ ಗಟ್ಟಿಯಾದದ್ದು ಕೊನೆಯವರೆಗೆ ತಾಳುತ್ತದೆ ಎಂದು ಅಮೆರಿಕದ ಎಸ್. ಎಸ್. ಗೋಲ್ಡಿಚ್ 1938ರಲ್ಲಿ ತೋರಿಸಿಕೊಟ್ಟ. ಬೆಣಚು ಆ ಸಾಲಿನ ಕೊನೆಯಲ್ಲಿದೆ. ಬಂಡೆ ಪೂರ್ತಿ ಮಣ್ಣಾದ ಮೇಲೂ ಅದರೊಳಗಿನ ಬಿಳಿ ಗೆರೆ ತುಂಡುತುಂಡಾಗಿ, ಇದ್ದ ಜಾಗದಲ್ಲೇ ಉಳಿಯುತ್ತದೆ. ಬೆಣಚಿನ ಚೂರುಗಳು ಹೊಲದಲ್ಲಿ ಒಂದೇ ಸಾಲಿನಲ್ಲಿ ದಟ್ಟವಾಗಿದ್ದರೆ ಕೆಳಗೆ ಆ ಗೆರೆ ಹಾದುಹೋಗಿದೆ ಎಂದು ಊಹಿಸಬಹುದು. ಗ್ರಾನೈಟಿನ ಸಣ್ಣ ಕಣಗಳಾದರೋ ಮಳೆಯೊಡನೆ ಹಳ್ಳ ಸೇರಿ, ಅರ್ಕಾವತಿಯಲ್ಲೋ ಕಣ್ವಾದಲ್ಲೋ ಶಿಂಷಾದಲ್ಲೋ ಮರಳಾಗುತ್ತವೆ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದ ಬಳಿಯ ಹೊಳೆಮರಳನ್ನು ಭೂತಗನ್ನಡಿಯಲ್ಲಿ ನೋಡಿದವರಿಗೆ ಮೂಲೆ ಸವೆದ ತಿಳಿಗಣ್ಣಿನ ಕಣಗಳೇ ಹೆಚ್ಚು ಕಾಣುತ್ತವೆ. ಈಗ ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ಬಂಡೆಯನ್ನು ಪುಡಿಮಾಡಿದ್ದಾದ್ದರಿಂದ ಅದರಲ್ಲಿ ಫೆಲ್ಡ್‌ಸ್ಪಾರ್ ಹಾಗೇ ಇರುತ್ತದೆ, ಕಣಗಳ ಅಂಚೂ ಮೊನಚು. ನದಿ ಲಕ್ಷಾಂತರ ವರ್ಷ ಆಯ್ದು ಬೇರ್ಪಡಿಸಿಕೊಟ್ಟಿದ್ದ ಬೆಣಚನ್ನು ನಾವು ಒಂದೆರಡು ತಲೆಮಾರಿನಲ್ಲಿ ಲಾರಿಗೆ ತುಂಬಿ ಮುಗಿಸಿದೆವು.

ಒಡೆದಾಗ ಬರುವ ಹರಿತ ಅಂಚನ್ನು ಮನುಷ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸಿಕ್ಕ ಶಿಲಾಯುಗದ ಸಣ್ಣ ಸಣ್ಣ ಹತಾರಗಳು ಬೆಣಚಿನವು. ಒಳ್ಳೆಯ ಚಕಮಕಿ ಕಲ್ಲು ಸಿಗದ ಈ ಸೀಮೆಯಲ್ಲಿ ಅವರಿಗೆ ಕೈಗೆಟಕಿದ್ದು ಇದೇ. ಚಿನ್ನದ ಮಾತೂ ಬೆಣಚಿನೊಂದಿಗೆ ಸದಾ ಬರುತ್ತದೆ. ಕೋಲಾರದಲ್ಲೂ ಹಟ್ಟಿಯಲ್ಲೂ ಚಿನ್ನ ಸಿಕ್ಕಿದ್ದು ಬೆಣಚಿನ ಗೆರೆಗಳಲ್ಲಿ, ನಿಜ. ಆದರೆ ಅವು ಬೇರೆ ಬಗೆಯ ಕಪ್ಪು ಶಿಲಾಪಟ್ಟಿಗಳನ್ನು ಸೀಳಿದ ಗೆರೆಗಳು. ಬಿಳಿ ಗೆರೆ ಕಂಡಲ್ಲೆಲ್ಲ ಚಿನ್ನವಿರುವುದಿಲ್ಲ.

ಬೆಂಕಿಗೂ ಬೆಣಚಿಗೂ ಇರುವ ಸಂಬಂಧ ಇನ್ನೂ ಸ್ವಾರಸ್ಯದ್ದು. ಈ ಭಾಗದ ಕಲ್ಲುಕುಟಿಗರು ಹಾಸುಬಂಡೆಯ ಮೇಲೆ ಸೌದೆ ಉರಿಸಿ, ಉರಿಯನ್ನು ಮೆಲ್ಲಗೆ ಸರಿಸುತ್ತ, ಬಡಿದಾಗ ಬರುವ ಸದ್ದು ಕೇಳುತ್ತ, ಕೆಲವೇ ಇಂಚು ದಪ್ಪದ ವಿಶಾಲ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಬೆಂಗಳೂರು ಸುತ್ತಲಿನ ಈ ಕೌಶಲವನ್ನು ಎಚ್. ವಾರ್ತ್ ಎಂಬಾತ 1895ರಲ್ಲೇ ‘ನೇಚರ್’ನಲ್ಲಿ ವಿವರಿಸಿದ್ದ. ಬಿಸಿಯಾದ ಮೇಲ್ಪದರ ಹಿಗ್ಗಿ, ತಣ್ಣಗಿರುವ ಕೆಳಪದರದಿಂದ ಬಿಟ್ಟುಕೊಳ್ಳುವುದೇ ಇದರ ಗುಟ್ಟು. ಬೆಣಚು ಫೆಲ್ಡ್‌ಸ್ಪಾರ್‌ಗಿಂತ ಹೆಚ್ಚು ಹಿಗ್ಗುವುದರಿಂದ ಕಣಕಣಗಳ ನಡುವೆಯೂ ಎಳೆದಾಟ ಹುಟ್ಟುತ್ತದೆ. 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬೆಣಚಿನ ಹೆಣಿಗೆ ತಟಕ್ಕನೆ ಮತ್ತೊಂದು ರೂಪಕ್ಕೆ ತಿರುಗುತ್ತದೆ. ಬಂಧಗಳು ಕಡಿಯುವುದಿಲ್ಲ, ಅವುಗಳ ಬಾಗು ನೆಟ್ಟಗಾಗುತ್ತದೆ ಅಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಮತ್ತು ಅವರ ಶಿಷ್ಯ ಟಿ. ಎಂ. ಕೆ. ನೆಡುಂಗಾಡಿ ಬೆಣಚಿನ ಹರಳನ್ನು ಈ ತಾಪದತ್ತ ಕಾಯಿಸುತ್ತ ಅದು ಚದುರಿಸಿದ ಬೆಳಕನ್ನು ಪರೀಕ್ಷಿಸಿದರು. ವರ್ಣಪಟಲದ ಒಂದು ಗೆರೆ ಮಾತ್ರ ತಾಪ ಏರಿದಂತೆ ಅಗಲವಾಗಿ, ಮಸುಕಾಗಿ, ಮೂಲ ಬೆಳಕಿನ ಗೆರೆಯ ಕಡೆಗೆ ಸರಿಯಿತು. ಪರಮಾಣುಗಳ ಒಂದು ಬಗೆಯ ಕಂಪನ ಸಡಿಲಗೊಂಡೇ ಹರಳು ರೂಪ ಬದಲಿಸುತ್ತದೆ ಎಂಬ ಅರ್ಥ ಅದರಲ್ಲಿತ್ತು. 1940ರ ‘ನೇಚರ್’ನಲ್ಲಿ ಬಂದ ಆ ಚಿಕ್ಕ ಟಿಪ್ಪಣಿಯ ಬೆಲೆ ಸುಮಾರು ಎರಡು ದಶಕಗಳ ನಂತರ, ಹರಳುಗಳ ರೂಪಾಂತರಕ್ಕೆ ಮೃದು ಕಂಪನದ ಸಿದ್ಧಾಂತ ಬಂದಾಗ, ಎಲ್ಲರಿಗೂ ತಿಳಿಯಿತು. ಸದ್ದು ಕೇಳಿ ಬಂಡೆಯ ಬಿರುಕನ್ನು ಅಳೆಯುತ್ತಿದ್ದ ಕುಟಿಗರೂ, ಬೆಳಕು ನೋಡಿ ಹರಳಿನ ಕಂಪನವನ್ನು ಅಳೆದ ರಾಮನ್ ಅವರೂ ಕಾದ ಬೆಣಚಿಗೆ ಏನಾಗುತ್ತದೆ ಎಂದೇ ಹುಡುಕುತ್ತಿದ್ದರು. ಇಬ್ಬರೂ ನನಗೆ ಸಮಾನವಾಗಿ ಗೌರವಾರ್ಹರು.

ಎರಡು ಬೆಣಚುಕಲ್ಲುಗಳನ್ನು ಕತ್ತಲ ಕೋಣೆಯಲ್ಲಿ ಗಟ್ಟಿಯಾಗಿ ಉಜ್ಜಿದರೆ ಒಳಗಿನಿಂದ ಕಿತ್ತಳೆ ಬಣ್ಣದ ಬೆಳಕು ಮಿನುಗುವುದನ್ನು, ಸುಟ್ಟಂಥ ವಾಸನೆ ಬರುವುದನ್ನು ಹಳ್ಳಿಯ ಮಕ್ಕಳು ಬಲ್ಲರು. ತಾಗುವ ಬಿಂದುಗಳಲ್ಲಿ ಉಜ್ಜಾಟದ ಕಾವು, ಕಡಿದ ಬಂಧಗಳಲ್ಲಿ ಬಿಡುಗಡೆಯಾಗುವ ಶಕ್ತಿ, ಎರಡೂ ಇದರಲ್ಲಿ ಸೇರಿವೆ. ಒತ್ತಿದಾಗ ಬೆಣಚಿನ ಹರಳಿನಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದು ಬೇರೆಯೇ ಗುಣ, ಅದನ್ನು ಪ್ಯಾರಿಸ್‌ನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಅದರಿಂದಲೇ ಕೈಗಡಿಯಾರದ ಕ್ವಾರ್ಟ್ಜ್, ಅಂದರೆ ಬೆಣಚಿನ, ಹರಳು ಸೆಕೆಂಡಿಗೆ 32,768 ಸಲ ಕಂಪಿಸಿ ಕಾಲ ಎಣಿಸುತ್ತದೆ. ಆ ಹರಳನ್ನು ಕಾರ್ಖಾನೆಯಲ್ಲೇ ಬೆಳೆಸುತ್ತಾರೆ, ನಮ್ಮ ಹೊಲದ ಕಲ್ಲು ಅದಕ್ಕೆ ಆಗುವುದಿಲ್ಲ.

ಇನ್ನು ದೂಳಿನ ವಿಷಯ. ಯಾವ ಗುಣದಿಂದ ಬೆಣಚು ಕೋಟಿ ವರ್ಷ ಮಳೆಗೆ ಕರಗದೆ ಉಳಿಯಿತೋ ಅದೇ ಗುಣದಿಂದ ಅದು ಮನುಷ್ಯನ ಶ್ವಾಸಕೋಶದಲ್ಲೂ ಕರಗುವುದಿಲ್ಲ. ಕ್ರಷರ್‌ಗಳಲ್ಲಿ, ಕಲ್ಲುಗಣಿಗಳಲ್ಲಿ, ಗ್ರಾನೈಟ್ ಕೊಯ್ಯುವಲ್ಲಿ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಮೂಗು ಗಂಟಲಲ್ಲೇ ನಿಲ್ಲುತ್ತವೆ. ಅಪಾಯವಿರುವುದು ಕಾಣದ, ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗಿಂತ ಚಿಕ್ಕ ಕಣಗಳಲ್ಲಿ. ಶ್ವಾಸಕೋಶದ ಕಾವಲು ಕೋಶಗಳು ಅವನ್ನು ನುಂಗುತ್ತವೆ, ಜೀರ್ಣಿಸಲಾಗದೆ ಸಾಯುತ್ತವೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಆ ಜಾಗದಲ್ಲಿ ಗಾಯದ ನಾರು ಬೆಳೆದು ಗಟ್ಟಿಯಾಗುತ್ತದೆ. ಆಗಷ್ಟೇ ಒಡೆದ ಕಲ್ಲಿನ ದೂಳು ಹಳೆಯ ದೂಳಿಗಿಂತ ಹೆಚ್ಚು ಹಾನಿಕರ, ಏಕೆಂದರೆ ಕಡಿದ ಬಂಧಗಳು ಇನ್ನೂ ಸುತ್ತಲಿನದರೊಂದಿಗೆ ಸೆಣಸುವ ಸ್ಥಿತಿಯಲ್ಲಿರುತ್ತವೆ. ಹೀಗೆ ಶ್ವಾಸಕೋಶ ಗಟ್ಟಿಯಾಗುವ ರೋಗವೇ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ 1940ರ ದಶಕದಲ್ಲೇ ಇದನ್ನು ವ್ಯಾಪಕವಾಗಿ ಗುರುತಿಸಿದ್ದರು. ಆದ ಗಾಯವನ್ನು ಮಾಯಿಸುವ ಮದ್ದು ಇಲ್ಲ. ಕೊರೆಯುವಾಗ, ಒಡೆಯುವಾಗ ನೀರು ಹಾಯಿಸಿ ದೂಳು ಏಳದಂತೆ ಮಾಡುವುದೇ ಮೊದಲ ರಕ್ಷಣೆ, ಸರಿಯಾದ ಮುಖಗವಸು ಎರಡನೆಯದು. ಮುಖಕ್ಕೆ ಕಟ್ಟಿಕೊಳ್ಳುವ ಟವೆಲ್ ಇಷ್ಟು ಸಣ್ಣ ಕಣವನ್ನು ತಡೆಯಲಾರದು.

ಈ ರೋಗ ಇರುವವರಿಗೆ ಕ್ಷಯ ತಗಲುವ ಸಂಭವ ಹೆಚ್ಚು, ಎಕ್ಸ್‌ರೇಯಲ್ಲಿ ಎರಡೂ ಒಂದನ್ನೊಂದು ಹೋಲುವುದೂ ಉಂಟು. ಕ್ಷಯದ ಮಾತ್ರೆ ಮುಗಿಸಿಯೂ ಉಬ್ಬಸ ಬಿಡದ ಕಾರ್ಮಿಕ ಆಸ್ಪತ್ರೆಗೆ ಹೋದಾಗ ತಾನು ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದೆ, ಯಾವ ಬಂಡೆ ಒಡೆದೆ ಎಂಬುದನ್ನು ಕೇಳದಿದ್ದರೂ ವೈದ್ಯರಿಗೆ ಹೇಳಬೇಕು. ಕಾನೂನಿನ ಪ್ರಕಾರ ಸಿಲಿಕೋಸಿಸ್ ಅಧಿಕಾರಿಗಳಿಗೆ ಕಡ್ಡಾಯವಾಗಿ ತಿಳಿಸಬೇಕಾದ ರೋಗ. ವೈದ್ಯರು ಅದನ್ನು ಗುರುತಿಸಿ ಬರೆದುಕೊಟ್ಟರೆ ಪರಿಹಾರ ಕೇಳಲು ಕಾರ್ಮಿಕನಿಗೆ ಆಧಾರ ಸಿಗುತ್ತದೆ.